ದಡದಲ್ಲುಳಿದ ಚಪ್ಪಲಿ

"ಗುರುಗಳೇ, ಜೊತೆಯವರಿಗೆ ಹೊರೆಯಾಗುವುದಕ್ಕಿಂತ ಸದ್ದಿಲ್ಲದೆ ಹಿಂದೆ ಸರಿಯುವುದು ಒಳ್ಳೆಯದಲ್ಲವೇ?" ಎಂದು ಸಿದ್ಧಬಸವ ಕೇಳಿದ.

ಮರುದಿನ ಬೆಳಿಗ್ಗೆ ಮಠದ ಐವರು ಶಿಷ್ಯರು ಎಂಟು ದಿನದ ಪಾದಯಾತ್ರೆಗೆ ಹೊರಡುವವರಿದ್ದರು. ಐವರಲ್ಲಿ ಸಿದ್ಧಬಸವನ ನಡಿಗೆಯೇ ನಿಧಾನ. ಮೂರು ದಿನದಿಂದ ಅವನಿಗೆ ಊಟ ಸೇರುತ್ತಿರಲಿಲ್ಲ.

ಗುರುಗಳು ದೀಪದ ಬತ್ತಿ ಹೊಸೆಯುತ್ತಿದ್ದರು. ಕೈ ನಿಲ್ಲಿಸದೆ ಹೇಳತೊಡಗಿದರು.

ಒಂದು ಊರು. ಊರಿಗೊಂದು ದೊಡ್ಡ ಕೆರೆ, ಕೆರೆಯ ಆಚೆಗೊಂದು ಗುಡ್ಡ. ವರ್ಷಕ್ಕೊಮ್ಮೆ ಅಲ್ಲಿ ಒಂದು ಪಂದ್ಯ ನಡೆಯುತ್ತಿತ್ತು. ಮೊದಲು ಕೆರೆಯ ನಡುವಿನ ಬಂಡೆಯನ್ನು ಸುತ್ತಿ ಈಜಿ ಬರಬೇಕು. ಆಮೇಲೆ ಸೈಕಲ್ ಹತ್ತಿ ಮೂರು ಹಳ್ಳಿ ಸುತ್ತಬೇಕು. ಕೊನೆಗೆ ಗುಡ್ಡದ ತುದಿಗೆ ಓಡಬೇಕು. ಉಂಡು ತಿಂದು ಸುಖವಾಗಿರುವವರು ಯಾಕೆ ಹೀಗೆ ಮಾಡುತ್ತಾರೆ ಎಂದು ನನ್ನನ್ನು ಕೇಳಬೇಡ, ನನಗೂ ಗೊತ್ತಿಲ್ಲ.

ಮೂವರದೊಂದು ತಂಡ. ಮೂವರೂ ಮೂರನ್ನೂ ಮಾಡಬೇಕು. ಮೂವರಲ್ಲಿ ಕೊನೆಯವನು ಗುಡ್ಡದ ತುದಿ ಮುಟ್ಟಿದಾಗಲೇ ತಂಡ ಮುಟ್ಟಿದಂತೆ. ಯಾರಿಗಾದರೂ ನಡುನೀರಿನಲ್ಲಿ ಸಾಕಾದರೆ ಹರಿಗೋಲಿನಲ್ಲಿ ಕುಳಿತ ಕಾವಲುಗಾರನಿಗೆ ಕೈ ಎತ್ತಿ ತೋರಿಸಬೇಕು. ಆಗ ಉಳಿದಿಬ್ಬರು ಅವನನ್ನು ಬಿಟ್ಟು ಮುಂದುವರಿಯಬಹುದು.

ಇನ್ನೊಂದು ಪದ್ಧತಿಯೂ ಇತ್ತು. ನೀರಿಗಿಳಿಯುವವರು ಚಪ್ಪಲಿಯನ್ನು ದಡದಲ್ಲಿ ಸಾಲಾಗಿ ಬಿಡುತ್ತಿದ್ದರು, ಮೇಲೆ ಬಂದವರು ಮೆಟ್ಟಿಕೊಂಡು ಹೋಗುತ್ತಿದ್ದರು. ಆ ಊರಿನಲ್ಲಿ ತಲೆ ಎಣಿಸುತ್ತಿರಲಿಲ್ಲ, ಚಪ್ಪಲಿ ಎಣಿಸುತ್ತಿದ್ದರು. ಚಪ್ಪಲಿ ದಡದಲ್ಲಿದ್ದರೆ ಮನುಷ್ಯ ನೀರಿನಲ್ಲಿದ್ದಾನೆ ಎಂದರ್ಥ.

ಆ ಊರಿನ ಒಬ್ಬ ಮೀನುಗಾರ, ಒಬ್ಬ ಅಂಚೆಯವನು ಮತ್ತು ಒಬ್ಬ ದರ್ಜಿ ಬಾಲ್ಯದಿಂದ ಗೆಳೆಯರು. ಮೀನುಗಾರನಿಗೆ ನೀರೇ ಮನೆ. ಅಂಚೆಯವನು ದಿನಕ್ಕೆ ಹತ್ತು ಹಳ್ಳಿಗೆ ಸೈಕಲ್ ತುಳಿಯುವವನು. ದರ್ಜಿಯೂ ದಿನವಿಡೀ ತುಳಿಯುವವನೇ, ಆದರೆ ಹೊಲಿಗೆ ಯಂತ್ರ ಎಷ್ಟು ತುಳಿದರೂ ಇದ್ದಲ್ಲೇ ಇರುತ್ತದೆ.

ಹಿಂದಿನ ವರ್ಷ ಮೀನುಗಾರ, ಅಂಚೆಯವನು ಬೇರೊಬ್ಬನನ್ನು ಕಟ್ಟಿಕೊಂಡು ಓಡಿ ಎರಡನೆಯವರಾಗಿದ್ದರು. ಈ ಸಲ ಗೆಲುವು ಅವರದೇ ಎಂದು ಊರೆಲ್ಲ ಆಡಿಕೊಳ್ಳುತ್ತಿತ್ತು. ಅಂಥ ಹೊತ್ತಿನಲ್ಲಿ ಇಬ್ಬರೂ ಬಂದು ದರ್ಜಿಯ ಅಂಗಡಿಯಲ್ಲಿ ಕುಳಿತರು.

"ನನ್ನನ್ನು ಬಿಟ್ಬಿಡ್ರಪ್ಪ. ನನ್ನಿಂದ ನೀವೂ ಸೋಲ್ತೀರಿ" ಎಂದ ದರ್ಜಿ.

"ಹೋದ ವರ್ಷ ನೀನಿಲ್ಲದೆ ಹೋಗಿ ಸಾಕಾಯ್ತು ಕಣೋ. ಈ ಸಲ ಸುಮ್ನೆ ಬಾ" ಎಂದ ಮೀನುಗಾರ.

ಬೇರೆ ಯಾರೂ ಸಿಗದೆ ಕರೆಯುತ್ತಿದ್ದಾರೆ ಎಂದು ದರ್ಜಿ ಅರ್ಥ ಮಾಡಿಕೊಂಡ. ಮನುಷ್ಯನಿಗೆ ಅಳುಕು ಹತ್ತಿದರೆ ಎದುರಿನವರ ಪ್ರೀತಿಯೂ ತಿರುವುಮುರುವಾಗಿ ಕಾಣುತ್ತದೆ. ಅಂದಿನಿಂದ ಅವನ ನಿದ್ದೆ ಹಾರಿತು. ಒಬ್ಬರ ಅಂಗಿಗೆ ಇನ್ನೊಬ್ಬರ ತೋಳು ಹೊಲಿದು ಬೈಸಿಕೊಂಡ. ಗುಡ್ಡದ ತುದಿಯಲ್ಲಿ ಗೆಳೆಯರಿಬ್ಬರೂ ಸೊಂಟದ ಮೇಲೆ ಕೈಯಿಟ್ಟು ತನಗಾಗಿ ಕಾಯುತ್ತಿರುವುದು, ಊರಿನವರು ನಗುತ್ತಿರುವುದು, ಇದೊಂದೇ ಅವನ ಕಣ್ಣಿಗೆ ಕಟ್ಟಿತ್ತು.

ಪಂದ್ಯದ ದಿನ ಬಂತು. ಮೂವರೂ ಚಪ್ಪಲಿ ಬಿಟ್ಟು ನೀರಿಗೆ ಬಿದ್ದರು. ದರ್ಜಿ ಈಜು ಬಾರದವನಲ್ಲ. ಆದರೆ ಗೆಳೆಯರು ಎಷ್ಟು ಮುಂದೆ ಹೋದರು ಎಂದು ನೋಡಲು ತಲೆ ಎತ್ತಿದ. ತಲೆ ಎತ್ತಿದಾಗ ಕಾಲು ಮುಳುಗಿತು. ಕಾಲು ಮುಳುಗಿದ್ದರಿಂದ ಹಿಂದೆ ಬಿದ್ದ. ಹಿಂದೆ ಬಿದ್ದೆನಲ್ಲ ಎಂದು ಮತ್ತೆ ತಲೆ ಎತ್ತಿದ. ಬಂಡೆ ತಲುಪುವ ಹೊತ್ತಿಗೆ ಅವನ ಮುಂದೆ ಯಾರೂ ಇರಲಿಲ್ಲ, ಹಿಂದೆಯೂ ಯಾರೂ ಇರಲಿಲ್ಲ.

ಕಾವಲುಗಾರನ ಹರಿಗೋಲು ಬಂಡೆಯ ಆಚೆ, ಜನ ನಿಂತ ದಡದ ಬದಿಗಿತ್ತು. ಈಜಿ ಹೋಗಿ ಕೈ ಎತ್ತಬಹುದಿತ್ತು. ಊರೆಲ್ಲ ನೋಡುತ್ತಿರುವಾಗ ಕೈ ಎತ್ತಲು ದರ್ಜಿಗೆ ನಾಚಿಕೆಯಾಯಿತು. ಬಂಡೆಯ ಮರೆಯಲ್ಲೇ ತಿರುಗಿ, ಹತ್ತಿರದ ಜೊಂಡಿನೊಳಗೆ ನುಗ್ಗಿ, ಕೆರೆಯ ಹಿಂಬದಿಗೆ ಹತ್ತಿದ. ತಾನು ಬಾರದಿದ್ದರೆ ಸೋತು ಮನೆಗೆ ಹೋದನೆಂದು ಗೆಳೆಯರು ತಿಳಿದುಕೊಳ್ಳುತ್ತಾರೆ, ಹೊರೆ ಇಳಿಯಿತೆಂದು ಹಗುರವಾಗಿ ಓಡುತ್ತಾರೆ ಎಂದುಕೊಂಡ. ಬಹಳ ದಿನಗಳ ಮೇಲೆ ಅವನಿಗೆ ನೆಮ್ಮದಿಯ ಉಸಿರು ಬಂತು. ಬರಿಗಾಲಿನಲ್ಲಿ ಮನೆಯ ದಾರಿ ಹಿಡಿದ.

ಅರ್ಧ ದಾರಿಯಲ್ಲಿ ಕೆರೆಯ ಕಡೆಯ ಗದ್ದಲ ಒಮ್ಮೆಗೇ ನಿಂತುಹೋಯಿತು. ಪಂದ್ಯದ ದಿನ ಗದ್ದಲ ನಿಲ್ಲುವುದುಂಟೇ? ದರ್ಜಿ ಕೆರೆಯ ಏರಿಯ ಮೇಲೆ ಹತ್ತಿ ನೋಡಿದ.

ಎಲ್ಲರ ಸೈಕಲ್ಲುಗಳೂ ಹೋಗಿದ್ದವು. ತಮ್ಮ ಮೂರು ಸೈಕಲ್ಲು ಮಾತ್ರ ಹುಣಸೆ ಮರಕ್ಕೆ ಒರಗಿದ್ದವು, ಗೆಳೆಯರಿಬ್ಬರ ಚಪ್ಪಲಿ ಅವುಗಳ ಬಳಿ ಕಳಚಿ ಬಿದ್ದಿದ್ದವು. ದಡದ ಸಾಲಿನಲ್ಲಿ ಒಂದೇ ಒಂದು ಜೊತೆ ಚಪ್ಪಲಿ ಉಳಿದಿತ್ತು, ಅವನದು. ಜನ ಅದರ ಸುತ್ತ ನಿಂತು ನೀರನ್ನೇ ನೋಡುತ್ತಿದ್ದರು. ಬಂಡೆಯ ಬಳಿ ಮೀನುಗಾರ ಮುಳುಗುತ್ತಿದ್ದ, ಏಳುತ್ತಿದ್ದ, ಮತ್ತೆ ಮುಳುಗುತ್ತಿದ್ದ. ಅವನ ಪಕ್ಕದಲ್ಲೇ ಅಂಚೆಯವನೂ ಮುಳುಗಿದ. ಅಂಚೆಯವನು ಅಂಥ ಈಜುಗಾರನಲ್ಲ. ಅವನು ಮೇಲೆ ಬರಲಿಲ್ಲ.

ಚಪ್ಪಲಿ ನೋಡಿ ಅವರು ಏನೆಂದುಕೊಂಡರು ಎಂಬುದು ದರ್ಜಿಗೆ ಆಗ ಹೊಳೆಯಿತು. ಇಲ್ಲಿದ್ದೇನೆ, ಇಲ್ಲಿದ್ದೇನೆ ಎಂದು ಕೂಗುತ್ತ ಏರಿಯ ಉದ್ದಕ್ಕೂ ಓಡಿದ. ಅವನ ದನಿ ಅಷ್ಟು ದೂರ ಮುಟ್ಟಲಿಲ್ಲ. ಕಲ್ಲು ಚುಚ್ಚಿತು, ಮುಳ್ಳು ಮುರಿಯಿತು, ಅವನಿಗೆ ತಿಳಿಯಲಿಲ್ಲ. ಗುಡ್ಡದ ಕಡೆ ಹಾಗೆ ಓಡಿದ್ದರೆ ಆ ವರ್ಷ ಅವನನ್ನು ಮೀರಿಸುವವರು ಇರುತ್ತಿರಲಿಲ್ಲ.

ಅವನು ದಡ ಮುಟ್ಟಿದಾಗ ಅಂಚೆಯವನನ್ನು ಬೋರಲು ಮಲಗಿಸಿ ಬೆನ್ನು ಒತ್ತುತ್ತಿದ್ದರು. ನೀರಿನಡಿಯಲ್ಲಿ ಅವನ ಕಾಲಿಗೆ ಸುತ್ತಿಕೊಂಡಿದ್ದ ಬಳ್ಳಿ ಹಾಗೇ ಇತ್ತು. ಮೀನುಗಾರ ಅವನನ್ನು ಎಳೆದು ತಂದು ಪಕ್ಕದಲ್ಲಿ ಕುಸಿದು ಕುಳಿತಿದ್ದ. ಒತ್ತಿದರು, ಏನೂ ಆಗಲಿಲ್ಲ. ಮತ್ತೆ ಒತ್ತಿದರು. ದರ್ಜಿ ತನ್ನ ಜೀವ ಹೋಗಿ ಇವನದು ಬರಲಿ ಎಂದು ಹರಕೆ ಹೊತ್ತ. ಅದು ಸುಳ್ಳು ಹರಕೆಯಲ್ಲ.

ಬಹಳ ಹೊತ್ತಾದ ಮೇಲೆ ಅಂಚೆಯವನು ನೀರು ಕಾರಿದ, ಕೆಮ್ಮಿದ, ಕಣ್ಣು ಬಿಟ್ಟ. ದರ್ಜಿಯನ್ನು ನೋಡಿ ಅವನ ಮಣಿಕಟ್ಟನ್ನು ಹಿಡಿದುಕೊಂಡ.

"ನಾನು ನಿಮಗೆ ಹೊರೆಯಾಗಬಾರದು ಅಂತ..." ಎಂದ ದರ್ಜಿ.

ಮೀನುಗಾರ ತಲೆ ಎತ್ತಿದ. "ನೀನು ನಿಧಾನ ಅಂತ ನಮಗೆ ಗೊತ್ತಿರಲಿಲ್ವೇನೋ? ಗುಡ್ಡದ ಮೇಲೆ ಕೂತು ತಿನ್ನೋಣ ಅಂತ ಬುತ್ತಿ ಕಟ್ಕೊಂಡು ಬಂದಿದ್ವಿ. ಸೋಲೋಕೆ ತಯಾರಾಗಿದ್ವಿ ಕಣೋ, ನಿನ್ನ ಹೆಣ ಹುಡುಕೋಕಲ್ಲ."

ಅಷ್ಟು ಹೇಳಿ ಅವನು ಮುಖ ತಿರುಗಿಸಿಕೊಂಡ. ಮತ್ತೆ ದರ್ಜಿಯೊಡನೆ ಮಾತಾಡಿದ್ದು ಮೂರು ತಿಂಗಳಾದ ಮೇಲೆ.

ಗುರುಗಳು ಕತೆ ನಿಲ್ಲಿಸಿ ಹೊಸೆದ ಬತ್ತಿಗಳನ್ನು ತಟ್ಟೆಗೆ ಹಾಕಿದರು.

"ಆದರೂ ಗುರುಗಳೇ, ದರ್ಜಿಯ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲವಲ್ಲ. ನಾನೂ ಅವರ ಒಳ್ಳೆಯದಕ್ಕೇ ನಾಳೆ ಅವರು ಏಳುವ ಮೊದಲು ಎಲ್ಲಿಯಾದರೂ ಹೋಗಿಬಿಡೋಣವೆಂದು..." ಎಂದ ಸಿದ್ಧಬಸವ.

"ಸಿದ್ಧಬಸವನ ಗಂಟನ್ನು ನಾನು ಹೊರುತ್ತೇನೆ, ನಾನು ಹೊರುತ್ತೇನೆ ಎಂದು ಬೆಳಿಗ್ಗೆಯಿಂದ ಹಿತ್ತಲಿನಲ್ಲಿ ನಿನ್ನ ಜೊತೆಯವರಿಬ್ಬರು ಜಗಳವಾಡುತ್ತಿದ್ದಾರೆ, ಹೋಗಿ ಈ ಮಾತನ್ನು ಅವರಿಗೆ ಹೇಳು" ಎಂದರು ಗುರುಗಳು.

ಸಿದ್ಧಬಸವ ಎದ್ದು ಹಿತ್ತಲಿನ ಕಡೆ ನಡೆದ.