ರಾಜ ಸತ್ತರೂ ಸಾಯದ ಅಭಯ

ಒಂದು ಕಾಡಿನಲ್ಲಿ ಹೊಂಗೇಸರ ಎಂಬ ಸಿಂಹ ರಾಜನಾಗಿದ್ದ. ಕಾಡು ಇದ್ದದ್ದು ಇಂಗ್ಲೆಂಡಿನಲ್ಲಿ, ಕೋಟೆ ಕೊತ್ತಲಗಳ ಹಳೆಯ ಕಾಲದಲ್ಲಿ. ಆ ದೇಶದಲ್ಲಿ ಸಿಂಹ ಎಲ್ಲಿಂದ ಬಂತು ಅಂತ ನನ್ನನ್ನು ಪೀಡಿಸಬೇಡಿ ಮಕ್ಕಳೇ. ಅಲ್ಲಿನ ಅರಸರ ಬಾವುಟದ ಮೇಲೆ ಸಿಂಹ ಇತ್ತು, ನಮ್ಮ ಕಥೆಗೆ ಅಷ್ಟು ಸಾಕು.

ಆ ಕಾಡಿನಲ್ಲಿ ಒಂದು ಪದ್ಧತಿ ಇತ್ತು. ಹೊಸ ರಾಜ ಪಟ್ಟದ ಕಲ್ಲಿನ ಮೇಲೆ ಕೂತು, ಯಾರ ಜೀವಕ್ಕೂ ಯಾರ ಮನೆಗೂ ಯಾರೂ ಕೈ ಹಾಕಬಾರದು ಎಂದು ಅಭಯ ಕೊಡುತ್ತಿದ್ದ. ಅವನು ಬದುಕಿರುವಷ್ಟು ದಿನ ಆ ಅಭಯ ನಡೆಯುತ್ತಿತ್ತು. ಅವನು ಸತ್ತರೆ ಅದೂ ಸತ್ತ ಹಾಗೆ. ಮುಂದಿನ ರಾಜ ಬಾಯಿಬಿಟ್ಟು ಹೇಳುವವರೆಗೆ ಹೇಳುವವರಿಲ್ಲ, ಕೇಳುವವರಿಲ್ಲ.

ಹೊಂಗೇಸರ ದೊಡ್ಡ ಮನಸ್ಸಿನ ಅರಸ. ಅವನ ಕಾಲದಲ್ಲಿ ಮೊಲದ ಮರಿಗಳೂ ತೋಳದ ಮುಂದೆ ಧೈರ್ಯವಾಗಿ ಓಡಾಡಿದವು. ಅಂಥವನು ಒಂದು ದಿನ ಕಣ್ಣುಮುಚ್ಚಿದ. ಮಗ ಧೀರಾಂಗ ಆಗ ಕಡಲಾಚೆ ಯುದ್ಧಕ್ಕೆ ಹೋಗಿದ್ದ.

ಕೆಂಚ ಎಂಬ ನರಿ ಕಾಯುತ್ತಿದ್ದದ್ದು ಇದಕ್ಕೇ. ರಾಜನಿಗೆ ಮಣ್ಣು ಹಾಕುವ ಮೊದಲೇ ಅವನು ಬಿಳಿಯಕ್ಕ ಎಂಬ ಮೊಲದ ಬಿಲಕ್ಕೆ ನುಗ್ಗಿ, ಅವಳನ್ನೂ ಮರಿಗಳನ್ನೂ ಹೊರಗೆ ದಬ್ಬಿದ. ಗಂಡನಿಲ್ಲದ ಹೆಂಗಸು, ಯಾರ ಹತ್ತಿರ ಹೇಳಿಕೊಂಡಾಳು? ಓಕ್ ಮರದ ಬೇರಿನ ಸಂದಿಯಲ್ಲಿ ಮರಿಗಳನ್ನು ಅವಚಿಕೊಂಡು ಕೂತಳು. ಹಿಮ ಬೀಳಲು ಶುರುವಾಯಿತು. ಇನ್ನು ಸ್ವಲ್ಪ ದಿನ ಹೀಗೇ ಇದ್ದರೆ ಮರಿಗಳು ಉಳಿಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ನರಿ ಮಾತ್ರ ಒಳಗೆ ಬೆಚ್ಚಗೆ ಗೊರಕೆ ಹೊಡೆಯುತ್ತಿದ್ದ. ಅವನ ಹೊಟ್ಟೆ ತಣ್ಣಗಿರಲಿ ಅನ್ನಲು ನನಗಂತೂ ಬಾಯಿ ಬರುವುದಿಲ್ಲ.

ಕೊನೆಗೆ ಧೀರಾಂಗ ಬಂದ. ಪ್ರಾಣಿಗಳೆಲ್ಲ ಸೇರಿದವು. ಅವನು ಪಟ್ಟದ ಕಲ್ಲಿನ ಮೇಲೆ ಕೂತನೋ ಇಲ್ಲವೋ, ಬಿಳಿಯಕ್ಕ ಮುಂದೆ ಬಂದು ತನ್ನ ಗೋಳು ಹೇಳಿಕೊಂಡಳು. ಕೆಂಚನಿಗೆ ಒಂದಿಷ್ಟೂ ಅಳುಕಿರಲಿಲ್ಲ.

"ಪ್ರಭು, ನಾನು ಬಿಲಕ್ಕೆ ಹೋದಾಗ ನಿಮ್ಮ ತಂದೆಯವರ ಅಭಯ ಮುಗಿದಿತ್ತು. ನಿಮ್ಮದು ಬಂದಿರಲಿಲ್ಲ. ಇಲ್ಲದ ಆಜ್ಞೆಯನ್ನು ನಾನು ಮುರಿದದ್ದು ಹೇಗೆ?" ಎಂದ.

ಪದ್ಧತಿ ಪ್ರಕಾರ ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಬಿಳಿಯಕ್ಕನ ಕಣ್ಣಲ್ಲಿ ನೀರು ತುಂಬಿತು.

ಧೀರಾಂಗ ಸಿಟ್ಟಾಗಲಿಲ್ಲ. "ನಿನ್ನ ಮಾತು ಒಪ್ಪಿದೆ ಕೆಂಚ. ಆದರೆ ನಾನು ಅಭಯ ಇನ್ನೂ ಕೊಟ್ಟಿಲ್ಲವಲ್ಲ. ಅಂದರೆ ಈಗಲೂ ಕಾಡಿನಲ್ಲಿ ಆಜ್ಞೆ ಇಲ್ಲ. ನಿನಗೆ ಯಾರು ಏನು ಮಾಡಿದರೂ ನಾನು ಕೇಳುವ ಹಾಗಿಲ್ಲ" ಎಂದ.

ನರಿ ತಿರುಗಿ ನೋಡಿದ. ಹಸಿದಿದ್ದ ಮುದಿ ತೋಳ ಹಿಂದಿನಿಂದ ಮೆಲ್ಲಗೆ ಎದ್ದು ಮೈ ಕೊಡವಿದ. ಅಭಯ ಕೊಡಿ, ಈಗಲೇ ಕೊಡಿ ಎಂದು ಗೋಗರೆಯುತ್ತಾ ಕೆಂಚ ರಾಜನ ಕಾಲಿಗೆ ಬಿದ್ದ.

"ಕೊಡುತ್ತೇನೆ. ಆದರೆ ಅಪ್ಪ ಕಣ್ಣುಮುಚ್ಚಿದ ಗಳಿಗೆಯಿಂದಲೇ ನನ್ನ ಅಭಯ ಶುರು. ಒಪ್ಪುತ್ತೀಯಾ?"

ಒಪ್ಪಿದರೆ ಬಿಲ ಹೋಗುತ್ತದೆ, ಒಪ್ಪದಿದ್ದರೆ ಜೀವ. ಕೆಂಚ ತಲೆ ತಗ್ಗಿಸಿ ಒಪ್ಪಿದ. ರಾಜ ಅಭಯ ಕೊಟ್ಟ, ತೋಳ ಕೂತ. ನರಿಯೇ ಬಿಲ ಗುಡಿಸಿ, ಒಣಹುಲ್ಲು ಹಾಸಿ ಬಿಟ್ಟುಕೊಡಬೇಕಾಯಿತು. ಆ ಚಳಿಗಾಲವನ್ನು ಅವನು ಓಕ್ ಮರದ ಬೇರಿನ ಸಂದಿಯಲ್ಲಿ ಕಳೆದ. ಬಿಳಿಯಕ್ಕನ ಮರಿಗಳೆಲ್ಲ ಉಳಿದವು.

ಎಂಥ ಅರಸ ನೋಡಿ. ಕೋಪದಲ್ಲಿ ಒಂದು ಏಟು ಹೊಡೆದಿದ್ದರೆ ನರಿ ಸಾಯುತ್ತಿದ್ದ, ಕೆಟ್ಟ ಪದ್ಧತಿ ಉಳಿಯುತ್ತಿತ್ತು. ಧೀರಾಂಗ ಪದ್ಧತಿಯನ್ನೇ ಸರಿಮಾಡಿದ. ರಾಜ ಸತ್ತರೂ ಅವನ ಅಭಯ ನಡೆಯುತ್ತಲೇ ಇರುತ್ತದೆ ಎಂದು ಅಂದೇ ಡಂಗುರ ಸಾರಿಸಿದ. ಎಷ್ಟೋ ವರ್ಷ ಆಳಿ, ಮುದುಕನಾಗಿ, ಅವನೂ ಒಂದು ದಿನ ತೀರಿಕೊಂಡ. ಅಂದು ಕಾಡೆಲ್ಲ ಅತ್ತಿತು. ಆದರೆ ಯಾರೂ ಹೆದರಲಿಲ್ಲ.

ನೀತಿ: ಕೇಳುವವರಿಲ್ಲ ಎಂದು ಇನ್ನೊಬ್ಬರ ಮನೆ ಕಿತ್ತುಕೊಂಡವನನ್ನು ಕಾಯಲೂ ಯಾರೂ ಇರುವುದಿಲ್ಲ, ತಾನು ಇಲ್ಲದಾಗಲೂ ಪ್ರಜೆಗಳು ನೆಮ್ಮದಿಯಾಗಿರುವಂತೆ ಮಾಡಿದವನೇ ದೊಡ್ಡ ಅರಸ.