ಮಿಸೊನುರಿ ಓಣಿಗೆ ಆ ಹೆಸರು ಬಂದದ್ದು

ಜಪಾನಿನ ನಗೋಯಾ ಮಹಾನಗರದಲ್ಲಿ ರೈಲು ನಿಲ್ದಾಣದ ಎತ್ತರದ ಕಟ್ಟಡಗಳನ್ನು ಹಿಂದೆ ಬಿಟ್ಟು, ಕಾಲುವೆಯ ಸೇತುವೆ ದಾಟಿದರೆ ಹಳೆಯ ವರ್ತಕರ ಕೇರಿ ಸಿಗುತ್ತದೆ. ಅಲ್ಲಿ ಒಂದು ಬದಿಗೆ ಕಲ್ಲಿನ ತಳಪಾಯದ ಮೇಲೆ ನಿಂತ ದಪ್ಪ ಗೋಡೆಯ ಬಿಳಿ ಉಗ್ರಾಣಗಳು, ಇನ್ನೊಂದು ಬದಿಗೆ ಕಪ್ಪಾದ ಮರದ ಮನೆಗಳು. ಕೆಲವು ಮನೆಗಳ ಹೆಂಚಿನ ಮೇಲೆಯೇ ಪುಟ್ಟ ಗುಡಿ ಕಟ್ಟಿದ್ದಾರೆ. ನೆಲದಲ್ಲಿ ಜಾಗ ಸಾಲದೆ ದೇವರನ್ನು ಮೇಲೇರಿಸಿದೆವು ಎಂದು ಅಲ್ಲಿಯವರು ನಗುತ್ತ ಹೇಳುತ್ತಾರೆ. ಕಾಲುವೆಗೆ ಇಳಿಯುವ ಒಂದು ಇಕ್ಕಟ್ಟಾದ ದಾರಿಗೆ ಮಿಸೊನುರಿ ಓಣಿ ಎಂದು ಹೆಸರು. ಬೇಯಿಸಿದ ಸೋಯಾ ಕಾಳನ್ನು ಉಪ್ಪು ಬೆರೆಸಿ ವರ್ಷಗಟ್ಟಲೆ ಹುದುಗಿಸಿದ ಕಂದು ಮುದ್ದೆಯೇ ಮಿಸೊ; ನುರಿ ಎಂದರೆ ಬಳಿಯುವುದು. ತಿನ್ನುವ ವಸ್ತುವನ್ನು ಬಳಿದದ್ದು ಯಾಕೆ ಎಂದು ಕೇಳಿದವರಿಗೆ, ಓಣಿಯ ಹಿರಿಯಾಕೆ ಕುವಾಯಾಮಾ ಶಿಗೆ ಎಂಬವರು ಈ ಕಥೆ ಹೇಳುತ್ತಾರೆ.

ಹಿಂದೆ ಒಮ್ಮೆ, ನಗರವೆಲ್ಲ ಮರ ಮತ್ತು ಕಾಗದದ ಮನೆಗಳಿಂದಲೇ ತುಂಬಿದ್ದ ಕಾಲದಲ್ಲಿ, ಈ ಓಣಿಯಲ್ಲಿ ಮಿನೆ ಎಂಬ ಮುದುಕಿ ತನ್ನ ವಿಧವೆ ಸೊಸೆ ತೊಸೆಯೊಂದಿಗೆ ಮಿಸೊ ಅಂಗಡಿ ನಡೆಸುತ್ತಿದ್ದಳು. ಅಂಗಡಿಯ ಮೂಲೆಯಲ್ಲಿ ಆಳೆತ್ತರದ ಒಂದು ಪೀಪಾಯಿ ಇತ್ತು. ಅದನ್ನು ಯಾವತ್ತೂ ಪೂರ್ತಿ ಬರಿದು ಮಾಡುತ್ತಿರಲಿಲ್ಲ. ಪ್ರತಿ ವರ್ಷದ ಹೊಸ ಮಿಸೊಗೂ ಅದರಿಂದಲೇ ಹೆಪ್ಪು ತೆಗೆಯುತ್ತಿದ್ದರು. ಓಣಿಯವರೆಲ್ಲ ಚಳಿಗಾಲಕ್ಕೆಂದು ಕೂಡಿಟ್ಟ ಅಕ್ಕಿ ಮತ್ತು ಸೋಯಾ ಕಾಳು ಒಂದೇ ಉಗ್ರಾಣದಲ್ಲಿದ್ದವು. ಅದರ ಉಸ್ತುವಾರಿ ಜಿಂಪಾಚಿ ಎಂಬ ದಿನಸಿ ವರ್ತಕನದು. ಬೆಂಕಿ ಬಿದ್ದಾಗ ಉಗ್ರಾಣದ ಬಾಗಿಲು, ಕಿಟಕಿಗಳ ಸಂದಿಗೆ ಹಸಿ ಮಣ್ಣು ಮೆತ್ತಿ ಓಡುವುದು ಅಲ್ಲಿಯ ರೂಢಿ. ಸಂದಿ ಮುಚ್ಚಿದರೆ ಕಿಡಿ ಒಳಗೆ ಹೋಗದು.

ಶರತ್ಕಾಲದ ಒಂದು ಮಧ್ಯಾಹ್ನ ಬಡಗಣ ದಿಕ್ಕಿನಲ್ಲಿ ಬೆಂಕಿ ಹತ್ತಿತು. ಗಾಳಿ ಅದನ್ನು ಹೊತ್ತು ತಂದಿತು. ಆಕಾಶ ತಾಮ್ರದ ಬಣ್ಣಕ್ಕೆ ತಿರುಗಿ, ಉರಿಯುವ ಚಾವಣಿಗಳ ತುಣುಕುಗಳು ಹಕ್ಕಿಗಳಂತೆ ತಲೆಯ ಮೇಲೆ ಹಾರಿಬಂದವು ಎನ್ನುತ್ತಾರೆ. ಮೆತ್ತಲೆಂದು ಮಣ್ಣು ತುಂಬಿಟ್ಟ ತೊಟ್ಟಿಯ ಮುಚ್ಚಳವನ್ನು ಜಿಂಪಾಚಿ ತೆಗೆದರೆ, ಬಹುಕಾಲ ನೀರು ಕಾಣದ ಮಣ್ಣು ಒಣಗಿ ಕಲ್ಲಾಗಿತ್ತು. "ಇದನ್ನು ಹದ ಮಾಡುವಷ್ಟರಲ್ಲಿ ಬೆಂಕಿ ಇಲ್ಲಿಗೇ ಬಂದಿರುತ್ತದೆ. ಉಗ್ರಾಣದ ಆಸೆ ಬಿಟ್ಟು ಹೊರಡಿ," ಎಂದು ಆತ ಜನರಿಗೆ ಹೇಳಿದ.

ಅದನ್ನು ಕೇಳಿದ ತೊಸೆ ಅಂಗಡಿಗೆ ಓಡಿದಳು. ಹಳೆಯ ಪೀಪಾಯಿಯನ್ನು ದೋಣಿಗೆ ಸಾಗಿಸಲು ಮಿನೆ ಆಳುಗಳನ್ನು ಕರೆಸಿ ನಿಂತಿದ್ದಳು.

"ಅತ್ತೆ, ಉಗ್ರಾಣದ ಸಂದಿಗೆ ಮೆತ್ತಲು ಮಿಸೊ ಬೇಕು. ಉಳಿದದ್ದೆಲ್ಲ ಸೇರಿಸಿದರೂ ಸಾಲದು. ಇದೂ ಬೇಕು."

"ಇದು ನನ್ನ ಅತ್ತೆ ನನ್ನ ಕೈಗೆ ಕೊಟ್ಟದ್ದು. ನಾನು ನಿನ್ನ ಕೈಗೆ ಕೊಡಬೇಕಾದದ್ದು. ಇದು ಹೋದರೆ ಅಂಗಡಿ ಹೋದಂತೆ," ಎಂದಳು ಮಿನೆ.

"ಗೊತ್ತು. ಆದರೆ ಅಕ್ಕಿ ಹೋದರೆ ಈ ಚಳಿಗಾಲ ದಾಟಿ ಉಳಿಯುವವರು ಯಾರು ಅತ್ತೆ? ಯಾರಿಗೆ ಮಾರೋಣ?"

ಮುದುಕಿ ಮುಚ್ಚಳದ ಮೇಲೆ ಹೇರಿದ್ದ ಭಾರದ ಕಲ್ಲುಗಳನ್ನು ತಾನೇ ಒಂದೊಂದಾಗಿ ಕೆಳಗಿಳಿಸತೊಡಗಿದಳು. ಓಣಿಯವರು ಬೋಗುಣಿ, ಕೊಡ, ಮಡಿಲು, ಸಿಕ್ಕಿದ್ದರಲ್ಲೆಲ್ಲ ಮಿಸೊ ಹೊತ್ತು ತಂದರು. ಮೇಲಿನ ಕಿಟಕಿಗೆ ಜಿಂಪಾಚಿ ಏಣಿ ಹತ್ತಿದ. ಹೊಸ್ತಿಲ ಸಂದಿಗೆ ಮಿನೆ ನೆಲದ ಮೇಲೆ ಕುಳಿತೇ ಮೆತ್ತಿದಳು. ಕೂದಲು ಸೀಯುವಷ್ಟು ಕಾವು ಹತ್ತಿರ ಬಂದಾಗಲೇ ಅವರು ದೋಣಿ ಏರಿದ್ದು.

ಹಿಂತಿರುಗಿದಾಗ ಕೇರಿಯೇ ಇರಲಿಲ್ಲ. ಬೂದಿಯ ಬಯಲಿನಲ್ಲಿ ಆ ಉಗ್ರಾಣವೊಂದೇ, ಇದ್ದಿಲಿನಂತೆ ಕಪ್ಪಾಗಿ, ನೆಟ್ಟಗೆ ನಿಂತಿತ್ತು. ಜನ ಕೈಮುಗಿದರು. ಆದರೆ ಹಸಿವು ಕಾಯುತ್ತದೆಯೆ? ಜಿಂಪಾಚಿ ಬಾಗಿಲು ಒಡೆಯಲು ಸುತ್ತಿಗೆ ತಂದ. ಮಿನೆ ಬಾಗಿಲಿಗೆ ಬೆನ್ನು ಕೊಟ್ಟು ಕುಳಿತುಬಿಟ್ಟಳು. "ಒಳಗೆ ಇನ್ನೂ ಕಾವಿದೆ. ಈಗ ಗಾಳಿ ಹೊಕ್ಕರೆ ಅಕ್ಕಿಯೆಲ್ಲ ಹೊತ್ತಿಕೊಳ್ಳುತ್ತದೆ," ಎಂದಳು. ಹಸಿದ ಮಕ್ಕಳ ಅಳು ಕೇಳುತ್ತಿದ್ದರೂ, ಜನ ಬೈದರೂ ಆಕೆ ಅಲ್ಲಿಂದ ಏಳಲಿಲ್ಲ. ದಿನವೂ ಗೋಡೆಗೆ ಅಂಗೈ ಒತ್ತಿ ನೋಡುತ್ತಿದ್ದಳು. ಕೊನೆಗೆ ಒಂದು ಮುಂಜಾನೆ, ಗೋಡೆಯ ಮೇಲೆ ಇಬ್ಬನಿ ಕಂಡಾಗ, "ಈಗ ತೆಗೆಯಿರಿ," ಎಂದು ಪಕ್ಕಕ್ಕೆ ಸರಿದಳು.

ಅಕ್ಕಿಯ ಮೂಟೆಗಳು ಇಟ್ಟಂತೆಯೇ ಇದ್ದವು. ಒಂದು ಹಗ್ಗವೂ ಕಂದಿರಲಿಲ್ಲ. ಜಿಂಪಾಚಿ ಸುತ್ತಿಗೆ ಕೆಳಗಿಟ್ಟು ಬೂದಿಯಲ್ಲೇ ಮೊಣಕಾಲೂರಿ ಮುದುಕಿಗೆ ತಲೆಬಾಗಿದ. ಹೊರಗೆ ಮಿಸೊ ಸುಟ್ಟು ಹೆಂಚಿನಂತಾಗಿತ್ತು. ಆದರೆ ಬಾಗಿಲ ಸಂದಿಯ ಒಳಭಾಗದಲ್ಲಿ ತೊಸೆಯ ಬೆರಳಿಗೆ ಏನೋ ಮೆತ್ತಗೆ ತಾಗಿತು. ಕೆರೆದರೆ ಒಂದು ಹಿಡಿಯಷ್ಟು ಹಸಿ ಮಿಸೊ. ಅವಳು ಅದನ್ನು ಅತ್ತೆಯ ಮೂಗಿನ ಬಳಿ ಹಿಡಿದಳು. "ಬದುಕಿದೆ," ಎಂದಳು ಮಿನೆ. ಅಷ್ಟು ದಿನ ಅಳದ ಮುದುಕಿ ಆಗ ಅತ್ತಳು ಎನ್ನುತ್ತಾರೆ. ಉಳಿದ ಕಾಳಿನಲ್ಲಿ ಪ್ರತಿಯೊಂದು ಮನೆಯವರೂ ತಮ್ಮ ಪಾಲಿನಿಂದ ಒಂದಿಷ್ಟು ತಂದು ಸುರಿದರು. ಆ ಒಂದು ಹಿಡಿಯಿಂದಲೇ ಹೊಸ ಪೀಪಾಯಿಗೆ ಹೆಪ್ಪು ಬಿತ್ತು.

ಆ ಉಗ್ರಾಣ ಈಗಲೂ ಓಣಿಯ ನಡುವೆ ಇದೆ. ಗೋಡೆಗೆ ಮತ್ತೆ ಸುಣ್ಣ ಬಳಿದರೂ ಬಾಗಿಲ ಅಂಚನ್ನು ಯಾರೂ ಮುಟ್ಟಿಲ್ಲ. ಅಲ್ಲಿ ಕಂದು ಗೆರೆಯೊಂದು ಕಲ್ಲಿನಲ್ಲಿ ಇಂಗಿಹೋಗಿದೆ. ಎದುರಿನ ಅಂಗಡಿಯಲ್ಲಿ ಪ್ರವಾಸಿಗರಿಗೆ ಮಿಸೊ ಸಾರನ್ನು ಪುಟ್ಟ ಬಟ್ಟಲಲ್ಲಿ ಕೊಡುತ್ತಾರೆ. ಕಥೆ ಕೇಳಿದವರು ಅದನ್ನು ಎರಡೂ ಕೈಯಲ್ಲಿ ಹಿಡಿದು, ಉಗ್ರಾಣದ ಬಾಗಿಲ ಕಡೆ ನೋಡುತ್ತ, ನಿಂತುಕೊಂಡೇ ಕುಡಿಯುತ್ತಾರೆ.