ಸುಣ್ಣಗುಡ್ಡದ ಮರದ ಫಿರಂಗಿಗಳು

ಅಂಡಮಾನಿನ ದೊಡ್ಡ ದ್ವೀಪದಿಂದ ದೋಣಿಯಲ್ಲಿ ನಮ್ಮ ಮೊಸಳೆತಿಟ್ಟಿಗೆ ಬರುವವರಿಗೆ ಮೊದಲು ಕಾಣುವುದು ಸುಣ್ಣಗುಡ್ಡ. ಹೆಸರು ಕೇಳಿ ಸುಣ್ಣದ ಕಲ್ಲು ಹುಡುಕಲು ಹತ್ತುವ ಜಾಣರು ಈಗಲೂ ಇದ್ದಾರೆ. ಹತ್ತಲಿ ಬಿಡಿ, ಕಾಲಿಗೆ ಒಳ್ಳೆಯದು. ಕೆಮ್ಮಣ್ಣು ಬಿಟ್ಟರೆ ಅಲ್ಲಿ ಏನೂ ಸಿಗುವುದಿಲ್ಲ. ಗುಡ್ಡದ ಕೆಳಗೆ ಮರಳದಂಡೆ, ದಂಡೆಗೆ ಅಂಟಿಕೊಂಡು ನಮ್ಮ ಕೇರಿ. ಇಂಗ್ಲಿಷರು ಕರಿನೀರಿನ ಶಿಕ್ಷೆ ಕೊಟ್ಟು ಬಾಗಲಕೋಟೆ ಕಡೆಯಿಂದ ತಂದು ಬಿಟ್ಟವರ ಸಂತಾನ ನಾವು. ಸೀಮೆ ತಪ್ಪಿತು, ಮಾತು ತಪ್ಪಲಿಲ್ಲ, ಹಬ್ಬಗಳೂ ತಪ್ಪಲಿಲ್ಲ.

ಹಿಂದೆ ಒಮ್ಮೆ, ಜಪಾನೀಯರು ಈ ದ್ವೀಪಗಳನ್ನು ಹಿಡಿದಿದ್ದ ಯುದ್ಧಕಾಲದಲ್ಲಿ, ಇಂಗ್ಲಿಷರ ದಂಡು ಹಡಗಿನಲ್ಲಿ ಬಂದು ನಮ್ಮ ದಂಡೆಯಲ್ಲೇ ಇಳಿಯುತ್ತದೆ ಎಂಬ ಸುದ್ದಿ ಹಬ್ಬಿತು. ಇಂದು ಬರುತ್ತಾರೆ, ನಾಳೆ ಬರುತ್ತಾರೆ ಎಂದು ಜನ ಉಂಡ ಅನ್ನ ಮೈಗೆ ಹತ್ತದೆ ಸೊರಗಿದರು. ಬಂದರೆ ಹಡಗಿನ ಗುಂಡು. ಬರುವ ಮೊದಲೇ ಗೂಢಚಾರರೆಂಬ ಗುಮಾನಿ ಬಂದರೆ ಜಪಾನೀಯರ ಕತ್ತಿ. ಅತ್ತ ದರಿ, ಇತ್ತ ಪುಲಿ. ಇಲ್ಲಿದ್ದ ಕಾವಲು ಪಡೆಯ ಅಧಿಕಾರಿ ಇವಾಕಿ ಎಂಬ ತರುಣ. ಅವನ ಬಳಿ ಒಂದು ಫಿರಂಗಿಯೂ ಇರಲಿಲ್ಲ. ಆತ ತೆಂಗಿನ ಮರ ಕಡಿಸಿ, ಕೊರಡುಗಳಿಗೆ ಡಾಂಬರು ಬಳಿಸಿ, ಗುಡ್ಡದ ನೆತ್ತಿಯಲ್ಲಿ ಸಮುದ್ರಕ್ಕೆ ಮುಖ ಮಾಡಿ ಸಾಲಾಗಿ ಇಡಿಸಿದ. ಮೇಲಿಂದ ನೋಡುವ ಇಂಗ್ಲಿಷರ ವಿಮಾನದವರು ಅವನ್ನು ಫಿರಂಗಿ ಎಂದು ನಂಬಬೇಕಲ್ಲ, ಅದಕ್ಕೆ ಕೇರಿಯ ಗಂಡಸರನ್ನು ಫಿರಂಗಿ ಹಾರಿಸುವ ಗೋಲಂದಾಜರಂತೆ ಕೊರಡುಗಳ ಪಕ್ಕದಲ್ಲಿ ಹಗಲಿರುಳು ನಿಲ್ಲಿಸಿದ. ಆ ಗಂಡಸರಲ್ಲಿ ತಿಪ್ಪವ್ವ ಎಂಬಾಕೆಯ ಗಂಡ ಕರೆಪ್ಪನೂ ಒಬ್ಬ.

ಪಕ್ಕದ ದ್ವೀಪದಲ್ಲೂ ಇದೇ ಹೂಟ ನಡೆದಿತ್ತು. ವಿಮಾನಗಳು ಬಂದು ಕೊರಡುಗಳ ಮೇಲೆ ಬಾಂಬು ಸುರಿದವು. ಪಕ್ಕದಲ್ಲಿ ನಿಂತಿದ್ದವರನ್ನು ಮಣ್ಣು ಮಾಡಲೂ ಏನೂ ಉಳಿಯಲಿಲ್ಲ ಎನ್ನುತ್ತಾರೆ. ಈ ಸುದ್ದಿ ತಿಳಿದ ದಿನದಿಂದ ತಿಪ್ಪವ್ವನಿಗೆ ಜೇನುಹುಳ ಹಾರಿದರೂ ಎದೆ ಝಲ್ಲೆನ್ನುತ್ತಿತ್ತು. ಗಂಡ ಇಳಿದು ಬಂದರೆ ತಲೆ ಹೋಗುತ್ತದೆ, ಅಲ್ಲೇ ನಿಂತರೆ ಮೈಯೇ ಹೋಗುತ್ತದೆ. ಬಿಳಿ ಬಟ್ಟೆ ಬೀಸಿ ವಿಮಾನಕ್ಕೆ ಸನ್ನೆ ಮಾಡಿದವರನ್ನು ಅಲ್ಲೇ ಕಡಿಯುತ್ತೇವೆಂದು ಡಂಗುರ ಬೇರೆ ಸಾರಿದ್ದರು. ಅಷ್ಟರಲ್ಲಿ ಮಹಾನವಮಿ ಬಂತು. ನಮ್ಮವರಲ್ಲಿ ಅಂದು ಖಂಡೇ ಪೂಜೆ. ಕುಡುಗೋಲಿನಿಂದ ಕೊಡಲಿಯವರೆಗೆ ದುಡಿಯುವ ಆಯುಧಕ್ಕೆಲ್ಲ ವಿಭೂತಿ ಹಚ್ಚಿ ಹೂವೇರಿಸುವುದು ಪದ್ಧತಿ.

ತಿಪ್ಪವ್ವ ದುಭಾಷಿಯನ್ನು ಮುಂದಿಟ್ಟುಕೊಂಡು ಇವಾಕಿಯ ಎದುರು ನಿಂತಳು.

“ಇವತ್ತ ಖಂಡೇ ಪೂಜಿ ಐತ್ರೀ. ಪೂಜಿ ಕಾಣದ ಆಯುಧ ಧಣಿಗೇ ತಿರುಗತೈತಿ ಅಂತಾರ. ನಿಮ್ಮ ಫಿರಂಗಿಗೂ ಪೂಜಿ ಮಾಡತೀವಿ, ಅಪ್ಪಣಿ ಕೊಡ್ರಿ.”

ಕತ್ತಿಗೆ ಕೈಮುಗಿಯುವ ಕುಲದವನು ಅವನು; ಹಿಗ್ಗಿ ಒಪ್ಪಿದ. ಹೆಂಗಸರು ವಿಭೂತಿ ಸಾಲದೆಂದು ಗೋಡೆಗೆ ಬಳಿಯುವ ಚಿಪ್ಪಿನ ಸುಣ್ಣವನ್ನು ಬಕೆಟ್ಟುಗಳಲ್ಲಿ ಹೊತ್ತು ಮೇಲೇರಿದರು. ಕರಿಯ ಕೊರಡುಗಳ ಮೇಲೆ ಮೊಳದಗಲದ ಮೂರು ಮೂರು ಗೆರೆ ಎಳೆದರು. ಇವಾಕಿಯೇ ಸೈನಿಕರಿಗಿಂತ ಮುಂದೆ ನಿಂತು ಕೊರಡುಗಳಿಗೆ ಬಾಗಿ ನಮಸ್ಕರಿಸಿದ.

ಆರತಿ ಇನ್ನೂ ಮುಗಿದಿರಲಿಲ್ಲ, ವಿಮಾನದ ಸದ್ದು ಕೇಳಿತು. ಗಂಡಸರು ನೆಲಕ್ಕೆ ಬಿದ್ದರು, ಸೈನಿಕರೂ ಬಿದ್ದರು, ಇವಾಕಿಯೂ ಬಿದ್ದ. ತಿಪ್ಪವ್ವ ಮಾತ್ರ ಆರತಿ ಹಿಡಿದು ಕರೆಪ್ಪ ಅಡಗಿದ್ದ ಕೊರಡನ್ನು ಸುತ್ತುತ್ತಲೇ ಇದ್ದಳು. ಧೈರ್ಯದಿಂದಲ್ಲ, ನಿಂತರೆ ಕುಸಿದು ಬೀಳುತ್ತೇನೆಂಬ ಭಯದಿಂದ ಎಂದು ಆಕೆಯೇ ಮುಂದೆ ಹೇಳಿದ್ದಾಳೆ. ವಿಮಾನ ತೀರ ಕೆಳಗಿಳಿದು, ಗುಡ್ಡವನ್ನು ಸುತ್ತಿ, ಮತ್ತೊಮ್ಮೆ ಸುತ್ತಿ, ಬಾಂಬು ಹಾಕದೆ ಹೊರಟುಹೋಯಿತು. ನಿಜವಾದ ಫಿರಂಗಿಯನ್ನು ಸೊಪ್ಪು ಮುಚ್ಚಿ ಬಚ್ಚಿಡುತ್ತಾರೆ. ಸುಣ್ಣ ಬಳಿದು, ಹೆಂಗಸರನ್ನು ಕರೆದು ಆರತಿ ಎತ್ತಿಸುತ್ತಾರೆಯೇ? ಅಷ್ಟು ವಿಮಾನದವನಿಗೂ ತಿಳಿದಿರಬೇಕು.

ಇವಾಕಿಗೂ ತಿಳಿಯಿತು. ಎದ್ದು ನಿಂತು ಸುಣ್ಣವನ್ನು ನೋಡಿದ, ತಿಪ್ಪವ್ವನನ್ನು ನೋಡಿದ. ಕತ್ತಿಯ ಹಿಡಿಯ ಮೇಲೆ ಅವನ ಕೈಯಿತ್ತು. ಬಕೆಟ್ಟುಗಳನ್ನೂ ಎತ್ತಿಕೊಳ್ಳಲು ಬಿಡದೆ ಹೆಂಗಸರನ್ನು ಕೆಳಗೆ ಅಟ್ಟಿದ. ಅಂದು ಇಡೀ ಕೇರಿ ಒಲೆ ಹಚ್ಚಲಿಲ್ಲ. ರಾತ್ರಿ ಧೋ ಎಂದು ಮಳೆ ಹೊಡೆದು ಗುಡ್ಡದ ಸುಣ್ಣವೆಲ್ಲ ತೊಳೆದುಹೋಯಿತು. ಇನ್ನು ನಮ್ಮ ಕತೆ ಮುಗಿಯಿತು ಎಂದು ತಿಪ್ಪವ್ವ ಮೂಲೆ ಹಿಡಿದು ಕುಳಿತಳು.

ಬೆಳಕು ಹರಿದಾಗ, ಬಂಡೆಯ ಮರೆಯಲ್ಲಿ ಮುದುರಿ ಮಲಗಿದ್ದ ಕರೆಪ್ಪ ಎದ್ದು ನೋಡುತ್ತಾನೆ: ಕೊರಡುಗಳ ಮೇಲೆಲ್ಲ ಹೊಸ ಸುಣ್ಣದ ಗೆರೆಗಳು. ಹೆಂಗಸರಾರೂ ಮೇಲೆ ಬಂದಿರಲಿಲ್ಲ. ಗೆರೆಗಳು ಸೊಟ್ಟಗಿದ್ದವು, ಕೊನೆಯ ಕೊರಡಿಗೆ ಮೂರರ ಬದಲು ನಾಲ್ಕು ಬಿದ್ದಿದ್ದವು. ಆಚೆ ಇವಾಕಿ ಸಮುದ್ರದ ಕಡೆ ಮುಖ ಮಾಡಿ, ಸುಣ್ಣಕ್ಕೆ ಸುಟ್ಟ ಬೆರಳುಗಳನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ ನಿಂತಿದ್ದ. ಅವನೂ ಆ ಗುಡ್ಡದ ಮೇಲೆಯೇ ಇರಬೇಕಾದವನಲ್ಲವೇ! ಆಮೇಲೆ ಎಷ್ಟೋ ವಿಮಾನಗಳು ಬಂದವು, ಹೋದವು. ಇಂಗ್ಲಿಷರ ದಂಡು ಇಳಿಯಲೇ ಇಲ್ಲ, ಯುದ್ಧವೇ ಮುಗಿಯಿತು. ಕರೆಪ್ಪ ಮನೆಗೆ ಬಂದ, ಇವಾಕಿ ಸೆರೆಯಾಳಾಗಿ ಹಡಗು ಹತ್ತಿದ.

ಕೊರಡುಗಳು ಗೆದ್ದಲಿಗೆ ಹೋಗಿ ಎಷ್ಟೋ ಕಾಲವಾಯಿತು. ಅವು ಮಲಗಿದ್ದ ತಗ್ಗುಗಳ ತಲೆಗೆ ಒಂದೊಂದು ಕಲ್ಲು ನೆಟ್ಟಿದ್ದೇವೆ. ಖಂಡೇ ಪೂಜೆಗೆ ಹೆಂಗಸರು ಅವಕ್ಕೆ ಸುಣ್ಣದ ಗೆರೆ ಎಳೆಯುತ್ತಾರೆ, ನೋಡಲು ಹೊರಗಿನವರೂ ಬರುತ್ತಾರೆ. ಕೊನೆಯ ಕಲ್ಲಿನ ಮುಂದೆ ಯಾರಾದರೂ ನಿಂತು, ಇದಕ್ಕೆ ಒಂದು ಗೆರೆ ಹೆಚ್ಚಾಗಿದೆಯಲ್ಲ, ಅಳಿಸಿಬಿಡಿ ಎನ್ನುವುದುಂಟು. ಆಗ ನಮ್ಮ ಹೆಂಗಸರು ಹೇಳುವುದು ಇಷ್ಟೇ:

“ಅದು ಅಂಜಿದಾಂವ ಎಳದ ಗೆರಿ. ಇರ್ಲಿ ಬಿಡ್ರಿ.”